ನಾಣಿಯ ಮಂಜಿನಬೆಟ್ಟ

ನನ್ನ ತಮ್ಮ ನಾಣಿಯ ಕಥೆಯನ್ನು ಬರೆಯುವವರು ಬೇರೆ ಯಾರೂ ಇಲ್ಲ. ಬರೆಯುವಂಥದ್ದೂ ಏನಿಲ್ಲ ಎಂದು ಅವನ ಹೆಂಡತಿ ಸೀತಾ ಹೇಳುತ್ತಾಳೆ. ರಾಜಾಜಿನಗರ ನಾಲ್ಕನೇ ಬ್ಲಾಕಿನಲ್ಲಿ ಮನೆ ಕಟ್ಟಿಸಿದ, ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿ ಸೇರಿ ಸೂಪರಿಂಟೆಂಡೆಂಟ್ ಆದ, ಒಬ್ಬಳು ಮಗಳನ್ನು ಬೆಳೆಸಿದ, ಒಂದು ಊರಿನ ಮಾನ ಕಳೆದ. ಮೊದಲಿನವನ್ನೆಲ್ಲ ರಾಜಾಜಿನಗರದಲ್ಲಿ ಎಲ್ಲರೂ ಮಾಡಿದ್ದಾರೆ. ಕೊನೆಯದರ ಬಗ್ಗೆ ಮಾತ್ರ ನಾನು ಹೇಳಬೇಕು, ಏಕೆಂದರೆ ನಾನು ಅವನ ಅಕ್ಕ ಅಂಬುಜಾ, ಅವನ ಕಿವಿ ಹಿಂಡುವ ಹಕ್ಕು ಇನ್ನೂ ನನಗಿದೆ.

ಆ ಊರನ್ನು ಮಂಜಿನಬೆಟ್ಟ ಎಂದು ಕರೆಯೋಣ. ನಿಜವಾದ ಹೆಸರು ಬೇರೆ. ಅಲ್ಲಿಯವರು ಪಟ್ಟದ್ದು ಸಾಕು. ಮೈಸೂರು ರಸ್ತೆಯಲ್ಲಿ ಕೆಂಗೇರಿ ದಾಟಿ, ಬೆಳಿಗ್ಗೆ ತಿಂಡಿ ತಿಂದು ಹೊರಟರೆ ಊಟದ ಹೊತ್ತಿಗೆ ಸೇರಬಹುದಾದ ಊರು. ಒಂದು ಬೆಟ್ಟ, ಬೆಟ್ಟದ ಮೇಲೊಂದು ಕೆರೆ, ಕೆರೆಯಲ್ಲಿ ನಾಲ್ಕು ದೋಣಿ. ಜನ ತಂಪಿಗೆ ಬರಲಿ ಎಂದು ಸರ್ಕಾರ ಅಲ್ಲಿ ಕಾಟೇಜು ಕಟ್ಟಿಸಿತು. ಕಾಟೇಜಿನ ಹಿಂದೆ ಲಾಡ್ಜುಗಳು ಬಂದವು. ಶನಿವಾರ ಮಧ್ಯಾಹ್ನ ಆಫೀಸು ಬಿಟ್ಟ ಕೂಡಲೇ ನಮ್ಮ ಬೆಂಗಳೂರಿನ ಕೆಲವು ಗಂಡಸರು ಕಪ್ಪು ಕನ್ನಡಕ ಹಾಕಿಕೊಂಡು ತಂಪಿಗೆ ಹೋಗತೊಡಗಿದರು. ಜೊತೆಯಲ್ಲಿ ಯಾರನ್ನು ಕರೆದುಕೊಂಡು ಹೋದರು ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಎಪ್ಪತ್ತೆರಡು ಎಪ್ಪತ್ಮೂರರ ಹೊತ್ತಿಗೆ ರಾಜಾಜಿನಗರದಲ್ಲಿ ಮಂಜಿನಬೆಟ್ಟ ಎಂದರೆ ಸಾಕು, ಗಂಡಸರು ಒಬ್ಬರ ಮುಖ ಒಬ್ಬರು ನೋಡಿ ಕಿಸಕ್ಕೆಂದು ನಗುತ್ತಿದ್ದರು.

ಆ ನಗುವನ್ನು ನಮ್ಮ ನಾಣಿ ಸ್ವಂತ ಆಸ್ತಿ ಮಾಡಿಕೊಂಡ. ವರ್ಷ ವರ್ಷ ಗಣೇಶನ ಪೆಂಡಾಲಿನಲ್ಲಿ ವಾದ್ಯಗೋಷ್ಠಿಗೆ ಮುಂಚೆ ಅವನದೊಂದು ಹಾಸ್ಯ ಕಾರ್ಯಕ್ರಮ ಇದ್ದೇ ಇರುತ್ತಿತ್ತು. ಯಾರದ್ದೋ ಕೋಟು ಹಾಕಿಕೊಂಡು ಸ್ಟೇಜು ಹತ್ತುತ್ತಿದ್ದ. ಲಾಡ್ಜಿನ ಮ್ಯಾನೇಜರೂ ಇವನೇ, ಗಿರಾಕಿಯೂ ಇವನೇ. "ಇವರು ನಿಮಗೇನಾಗ್ಬೇಕು ಸಾರ್?" "ನನ್ನ ಹೆಂಡ್ತಿ ಕಣ್ರೀ." "ಹಾಗಾದ್ರೆ ರೂಮಿಲ್ಲ ಸಾರ್. ಹೆಂಡ್ತೀರನ್ನ ಸೇರಿಸಿಕೊಂಡ್ರೆ ನಮ್ಮ ಲಾಡ್ಜಿಗೆ ಕೆಟ್ಟ ಹೆಸರು ಬರುತ್ತೆ." ಪೆಂಡಾಲು ಹಾರಿಹೋಗುವಂತೆ ಚಪ್ಪಾಳೆ. ಆಮೇಲೆ ರಾಮರಾಯರ ಜೋಕು. ಅಲ್ಲಿಗೆ ಬರುವ ಗಂಡಸರೆಲ್ಲ ರಾಮರಾವ್ ಎಂದೇ ಹೆಸರು ಹೇಳುತ್ತಾರಂತೆ. ಮ್ಯಾನೇಜರು ಹಜಾರದಲ್ಲಿ ನಿಂತು "ರಾಮರಾವ್ ಸಾರ್, ನಿಮ್ಮ ಮನೆಯೋರು ಹುಡುಕ್ಕೊಂಡು ಬಂದಿದಾರೆ" ಎಂದು ಕೂಗಿದರೆ ಇಡೀ ಲಾಡ್ಜು ಕಿಟಕಿಯಿಂದ ಹಾರುತ್ತದಂತೆ. ಮೊದಲ ವರ್ಷ ನನಗೂ ನಗು ಬಂತು. ಮೂರನೆಯ ವರ್ಷ ಆಕಳಿಕೆ ಬಂತು. ಆದರೆ ಗಣೇಶೋತ್ಸವ ಸಂಘದ ಅಧ್ಯಕ್ಷ ನಾರಾಯಣಪ್ಪನವರು ಮಾತ್ರ ಪ್ರತಿವರ್ಷವೂ ಮುಂದಿನ ಸಾಲಿನಲ್ಲಿ ಕುಳಿತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಇಷ್ಟಕ್ಕೂ ನಾಣಿ ಮಂಜಿನಬೆಟ್ಟವನ್ನು ಕಣ್ಣಿಂದ ಕಂಡವನೇ ಅಲ್ಲ. ಅವನು ಕಂಡ ಬೆಟ್ಟವೆಂದರೆ ತಿರುಪತಿ ಒಂದೇ, ಅದೂ ಸೀತಾಳ ಜೊತೆ, ತಲೆ ಬೋಳಿಸಿಕೊಂಡು. ಪರಸ್ತ್ರೀಯನ್ನು ಕಣ್ಣೆತ್ತಿ ನೋಡುವ ಧೈರ್ಯ ಅವನಿಗಿರಲಿಲ್ಲ. ಕೋಡುಬಳೆ ತಿಂದರೆ ಎದೆಯುರಿ ಬರುವ ಗಂಡಸು, ಇನ್ನು ಅಂಥದ್ದೆಲ್ಲ ಎಲ್ಲಿಂದ ಬರಬೇಕು! ಆದರೆ ಬಾಯಿ ಇದೆಯಲ್ಲ, ಅದಕ್ಕೆ ಎಲುಬಿಲ್ಲ.

ಆ ಬಾಯಿಯಿಂದ ಅವನ ಮಗಳು ಪ್ರಭಾಳ ಎರಡು ಸಂಬಂಧ ಕೆಟ್ಟಿದ್ದವು. ಒಬ್ಬ ಹುಡುಗನ ತಂದೆ ಸ್ವಲ್ಪ ಉಗ್ಗುತ್ತಿದ್ದರು. ಹೆಣ್ಣು ನೋಡಿ ಅವರು ಗೇಟು ದಾಟುವ ಮೊದಲೇ ಇವನು ಉಗ್ಗಿ ತೋರಿಸಿದ; ಕೊಡೆ ಮರೆತು ವಾಪಸ್ಸು ಬಂದವರು ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು. ಇನ್ನೊಂದನ್ನು ನಾನು ಹೇಳುವುದಿಲ್ಲ, ಈಗಲೂ ಮೈ ಉರಿಯುತ್ತದೆ. ಪ್ರಭಾ ಎರಡು ಸಲವೂ ಅಳಲಿಲ್ಲ. ಹಿತ್ತಲಿಗೆ ಹೋಗಿ ಬಟ್ಟೆ ಒಗೆದಳು. ಒಗೆಯುವ ಕಲ್ಲಿನ ಸದ್ದು ಬೀದಿಗೆ ಕೇಳುತ್ತಿತ್ತು.

ಆಗ ವಿಜಯನಗರದಲ್ಲಿ ನಮ್ಮ ಮಹಡಿ ರೂಮಿಗೆ ಜಗನ್ನಾಥ ಎಂಬ ಹುಡುಗ ಬಾಡಿಗೆಗೆ ಬಂದ. ಅತ್ತಿಗುಪ್ಪೆಯ ರಾಗಿ ಹೊಲಗಳು ನಮ್ಮ ಮಹಡಿಯಿಂದ ಕಾಣುತ್ತಿದ್ದ ಕಾಲ. ಹುಡುಗ ಇಂಜಿನಿಯರು, ನಮ್ಮವನೇ, ಮಾತು ಕಡಿಮೆ. ಊರು ಯಾವುದಪ್ಪಾ ಎಂದರೆ "ಮೈಸೂರು ಕಡೆ" ಎನ್ನುತ್ತಿದ್ದ. ಆ ಕಡೆ ಎಷ್ಟು ಊರಿಲ್ಲ! ನಾನು ಬಿಡುವವಳೇ? ಮೇಷ್ಟ್ರಮ್ಮ ನಾನು, ಮಕ್ಕಳ ಬಾಯಿ ಬಿಡಿಸಿಯೇ ಅನ್ನ ತಿಂದವಳು. ಒಂದು ದಿನ ಕಾಫಿ ಕೊಟ್ಟು ಎದುರು ಕೂರಿಸಿಕೊಂಡೆ.

"ಮಂಜಿನಬೆಟ್ಟ ಅಮ್ಮಾ," ಎಂದ, ತಲೆ ತಗ್ಗಿಸಿ. "ನಗ್ಬೇಡಿ. ಹಾಸ್ಟೆಲಲ್ಲಿ ಒಂದು ಸಲ ಬಾಯ್ತಪ್ಪಿ ಹೇಳ್ಬಿಟ್ಟೆ. ಅವತ್ತಿಂದ ನನ್ನ ಹೆಸರು ಜಗನ್ನಾಥ ಅಂತ ಯಾರೂ ಕರೀಲಿಲ್ಲ. ಮ್ಯಾನೇಜರ್, ರೂಮ್ ಖಾಲಿ ಇದೆಯಾ ಅಂತಿದ್ರು. ಅಪ್ಪ ನೋಡೋಕೆ ಬಂದಾಗ ಅವರ ಮುಂದೇನೇ ಕೇಳಿದ್ರು."

ನಾನು ನಗಲಿಲ್ಲ. ನನ್ನ ಮನೆಗೆ ಹಪ್ಪಳ ಒತ್ತಲು ಬರುತ್ತಿದ್ದ ಪ್ರಭಾ ಕೂಡ ನಗಲಿಲ್ಲ. ಅವಳು ಹಪ್ಪಳ ಒಣಗಿಸಲು ಮಹಡಿಗೆ ಹೋಗುವುದು ಹೆಚ್ಚಾಯಿತು. ಆ ವರ್ಷ ನಾವು ತಿಂದು ಮುಗಿಸಲಾರದಷ್ಟು ಹಪ್ಪಳವಾಯಿತು. ಕೊನೆಗೆ ಅವಳೇ ಅಡಿಗೆಮನೆಗೆ ಬಂದು ಹೇಳಿದಳು. "ಅತ್ತೆ, ಇವರನ್ನ ಬಿಟ್ರೆ ನಂಗೆ ಬೇರೆ ಯಾರೂ ಬೇಡ. ಆದ್ರೆ ಅಪ್ಪನ ಬಾಯಿ ಇದೆಯಲ್ಲ. ಅವರ ಮನೆಯೋರ ಕಿವಿಗೆ ಬಿದ್ರೆ ಮುಗೀತು. ಮದುವೆ ಆದ್ರೂ ನಾನು ಆ ಮನೇಲಿ ತಲೆ ಎತ್ಕೊಂಡು ಬಾಳೋಕಾಗಲ್ಲ."

ನಾನು ನಾಣಿಯ ಮನೆಗೆ ಹೋಗಿ ಹುಡುಗನ ಓದು ಹೇಳಿದೆ, ಗೋತ್ರ ಹೇಳಿದೆ, ಸಂಬಳ ಹೇಳಿದೆ. ತಲೆಯಾಡಿಸಿದ. ಊರು ಹೇಳಿದೆ. ಅವನು ಒಂದು ಕ್ಷಣ ನನ್ನನ್ನೇ ನೋಡಿದ, ಆಮೇಲೆ ಆರಾಮ ಕುರ್ಚಿ ಅಲುಗಾಡುವಂತೆ ನಕ್ಕ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ನಗು ನಿಂತ ಮೇಲೆ ಮುಖ ಇಳಿಯಿತು.

"ಅಕ್ಕ, ಆಗಲ್ಲ ಕಣೇ. ಆ ಊರ ಹೆಸರು ಪತ್ರಿಕೇಲಿ ಹಾಕಿಸಿದ್ರೆ ಇಡೀ ಬ್ಲಾಕು ನಗುತ್ತೆ."

"ನಗಿಸೋನು ನೀನೇ ತಾನೇ? ಅನುಭವಿಸು."

ಪ್ರಭಾ ಬಾಗಿಲ ಹಿಂದಿನಿಂದ ಹೊರಗೆ ಬಂದು ನಿಂತಳು. ಅಪ್ಪನನ್ನು ದುರುಗುಟ್ಟಿ ನೋಡಿದಳು. ಎರಡು ಸಂಬಂಧ ಕೆಡಿಸಿದ್ದು ನಾಣಿಗೂ ಗೊತ್ತಿತ್ತು. ಹ್ಞೂಂ ಎಂದ.

ಹುಡುಗನ ತಂದೆ ವೆಂಕಟಗಿರಿಯಪ್ಪನವರು ಮಾತುಕತೆಗೆ ಬಂದರು. ಮಂಜಿನಬೆಟ್ಟದ ಬಸ್ ನಿಲ್ದಾಣದ ಎದುರು ಅವರದ್ದು ಕಾಫಿ ಹೋಟೆಲು. ಸಣಕಲು ಮನುಷ್ಯ, ಗಟ್ಟಿ ದನಿ. ನಾಣಿ ಏನೋ ಹೇಳಲು ಬಾಯಿ ತೆರೆದಾಗೆಲ್ಲ ಸೀತಾ ಕೋಸಂಬರಿ ಬಡಿಸುತ್ತಿದ್ದಳು. ಎಲೆಯಡಿಕೆಯ ಹೊತ್ತಿಗೆ ಅವರೇ ವಿಷಯ ತೆಗೆದರು.

"ನಮ್ಮೂರ ಹೆಸರು ಕೇಳಿ ನೀವು ಯೋಚನೆ ಮಾಡಿರ್ತೀರ. ತಪ್ಪಿಲ್ಲ. ನಮ್ಮೂರಿಗೆ ಕೆಟ್ಟ ಹೆಸರು ಬಸ್ಸಲ್ಲಿ ಬರುತ್ತೆ ಸ್ವಾಮಿ, ಶನಿವಾರ ಸಂಜೆ ಬೆಂಗಳೂರು ಬಸ್ಸಲ್ಲಿ. ಭಾನುವಾರ ಸಂಜೆ ಅವರು ವಾಪಸ್ಸು ಹೋಗ್ತಾರೆ, ಹೆಸರು ಮಾತ್ರ ಅಲ್ಲೇ ಇಳಿಸಿಟ್ಟು ಹೋಗ್ತಾರೆ."

ನಾಣಿ ಅಡಿಕೆ ಕಡಿಯುವುದನ್ನು ಬಿಟ್ಟು ಚಾವಣಿ ನೋಡಿದ. ಅಂದು ಮಾತ್ರ ಅವನ ಬಾಯಿಂದ ಜೋಕು ಹೊರಡಲಿಲ್ಲ. ಸಂಬಂಧ ಗಟ್ಟಿಯಾಯಿತು.

ಅಷ್ಟಕ್ಕೇ ಸುಮ್ಮನಿದ್ದನೇ? ಲಗ್ನಪತ್ರಿಕೆಯ ಕರಡಿನಲ್ಲಿ ಬೀಗರ ಊರನ್ನೇ ಹಾರಿಸಿಬಿಟ್ಟ. ‘ವಿಜಯನಗರ ನಿವಾಸಿ ಚಿ. ಜಗನ್ನಾಥ’ ಎಂದಿತ್ತು. ಪ್ರೆಸ್ಸಿನವರು ಮರೆತರು ಎಂದ. ಪ್ರಭಾ ಕರಡನ್ನು ಕಿತ್ತುಕೊಂಡು, "ಊರಿಲ್ಲದ ಪತ್ರಿಕೆ ಹಂಚಿದ್ರೆ ನಾನು ಹಸೆಮಣೆ ಹತ್ತಲ್ಲ" ಎಂದಳು. ಅವಳೇ ಚಪ್ಪಲಿ ಮೆಟ್ಟಿಕೊಂಡು ಪ್ರೆಸ್ಸಿಗೆ ಹೋಗಿ, ಊರ ಹೆಸರನ್ನು ದಪ್ಪ ಅಕ್ಷರದಲ್ಲಿ ಹಾಕಿಸಿ ಬಂದಳು. ಮದುಮಗಳೇ ಪ್ರೆಸ್ಸಿಗೆ ಹೋದಳೆಂದು ಬೀದಿಯ ಹೆಂಗಸರು ಮೂಗಿನ ಮೇಲೆ ಬೆರಳಿಟ್ಟರು. ನನಗಂತೂ ಅವಳನ್ನು ಎತ್ತಿ ಮುದ್ದಾಡಬೇಕೆನಿಸಿತು.

ಪತ್ರಿಕೆ ಹಂಚಿದ್ದೇ ತಡ, ನಾಣಿ ಹೆದರಿದಂತೆಯೇ ಆಯಿತು. ಬೀದಿಯಲ್ಲಿ ಕಂಡವರೆಲ್ಲ ಕೈಕುಲುಕಿ, "ಏನು ಸಾರ್, ಜೋಕು ಹೇಳ್ತಾ ಹೇಳ್ತಾ ಬೀಗಸ್ತನಾನೇ ಬೆಳೆಸಿಬಿಟ್ರಿ" ಎನ್ನುವವರೇ. ಮದುವೆಯ ಚಪ್ಪರದಲ್ಲಿ ಮಂಜಿನಬೆಟ್ಟದವರು ಬಂದಿಳಿದಾಗ ನಮ್ಮ ಗಂಡಸರು ಕಣ್ಣರಳಿಸಿ ಹುಡುಕಿದರು. ಬಂದವರು ನೋಡಿದರೆ ಮಡಿಪಂಚೆ ಉಟ್ಟ ಮುದುಕರು, ಕಂಕುಳಲ್ಲಿ ಕೂಸು ಎತ್ತಿಕೊಂಡ ಹೆಂಗಸರು. ನಮ್ಮವರಿಗೆ ಬಹಳ ನಿರಾಸೆಯಾಯಿತು.

ಮದುವೆಯಾದ ಮೇಲೆ ಗಂಡಿನವರು ತಮ್ಮೂರಿನಲ್ಲಿ ಬೀಗರ ಔತಣ ಇಟ್ಟುಕೊಂಡರು. ನಾಣಿ ಒಂದು ಬಸ್ಸು ಗೊತ್ತು ಮಾಡಿದ. ಅಬ್ಬಬ್ಬಾ, ಆ ಬಸ್ಸಿಗೆ ಬಿದ್ದ ನೂಕುನುಗ್ಗಲು! ಮದುವೆಗೆ ಬಾರದವರೂ ಔತಣಕ್ಕೆ ಬಂದರು. ಹೆಂಡತಿಯರನ್ನು ಕರೆದುಕೊಂಡು, ಹಾಡುಹಗಲಲ್ಲಿ, ಸ್ವಂತ ಹೆಸರಿನಲ್ಲಿ ಮಂಜಿನಬೆಟ್ಟಕ್ಕೆ ಹೋಗುವ ಅವಕಾಶ ಮತ್ತೆ ಯಾವಾಗ ಸಿಗುತ್ತದೆ? ಕೆಂಗೇರಿಯವರೆಗೂ ಜೋಕೋ ಜೋಕು. ಬೆಟ್ಟ ಹತ್ತಲು ಶುರುವಾದ ಮೇಲೆ ಮಾತ್ರ ಕೆಲವು ಗಂಡಸರು ಸುಮ್ಮನಾದರು. ಅಧ್ಯಕ್ಷ ನಾರಾಯಣಪ್ಪನವರು ಕಿಟಕಿಯಿಂದ ನೋಡುತ್ತಾ, "ಮುಂದಿನ ತಿರುವು ದಾಟಿದ್ರೆ ಎಡಗಡೆ ಒಳ್ಳೇ ಎಳನೀರು ಸಿಗುತ್ತೆ" ಎಂದರು. ತಿರುವು ದಾಟಿತು. ಎಡಗಡೆ ಎಳನೀರಿನವನು ಕುಳಿತಿದ್ದ. ಅವರ ಹೆಂಡತಿ ಮೆಲ್ಲಗೆ ಕತ್ತು ತಿರುಗಿಸಿ ಗಂಡನನ್ನು ನೋಡಿದರು.

ಊರು ಹೇಗಿತ್ತು ಎನ್ನುತ್ತೀರಾ? ಊರಿನ ಹಾಗಿತ್ತು. ಒಂದು ಶಾಲೆ, ಒಂದು ಅರಳಿಕಟ್ಟೆ, ನಲ್ಲಿಯ ಮುಂದೆ ಬಿಂದಿಗೆ ಸಾಲು. ಲಾಡ್ಜುಗಳು ಮೇಲೆ ಕೆರೆಯ ಹತ್ತಿರ ಇದ್ದವು; ಕೆಳಗಿನ ಬೀದಿಯ ಮಕ್ಕಳು ಅತ್ತ ಹೋಗುವಂತಿರಲಿಲ್ಲ. ವೆಂಕಟಗಿರಿಯಪ್ಪನವರ ಮನೆಯ ಮುಂದೆ ಚಪ್ಪರ ಹಾಕಿ ಸಾಲಾಗಿ ಎಲೆ ಹಾಕಿದ್ದರು. ಪ್ರಭಾ ಹೊಸ ಸೀರೆ ಉಟ್ಟು, ಅತ್ತೆ ಜಲಜಾಕ್ಷಮ್ಮನವರ ಪಕ್ಕದಲ್ಲಿ ನಿಂತು ತುಪ್ಪ ಬಡಿಸುತ್ತಿದ್ದಳು. ಆಗಾಗ ಅಪ್ಪನ ಕಡೆ ನೋಡುತ್ತಿದ್ದಳು. ಆ ನೋಟ ನನಗೆ ಗೊತ್ತು. ಹಾಲು ಒಲೆಯ ಮೇಲಿಟ್ಟು ಬೇರೆ ಕೆಲಸ ಮಾಡುವವರು ಹಾಗೆ ನೋಡುತ್ತಾರೆ.

ಪಾಯಸದ ಹೊತ್ತಿಗೆ ಬೀಗರ ಹಾಡು ಶುರುವಾಯಿತು. ಔತಣಕ್ಕೆ ಬಂದ ಬೀಗರನ್ನು ಹೆಂಗಸರು ಹಾಡು ಕಟ್ಟಿ ಹೀಯಾಳಿಸುವುದು ನಮ್ಮಲ್ಲಿ ಹಿಂದಿನಿಂದ ಬಂದದ್ದು. ಅದಕ್ಕೆ ಎರಡು ಕಟ್ಟುಪಾಡು. ಎಷ್ಟು ಬೈದರೂ ಯಾರೂ ಕೋಪ ಮಾಡಿಕೊಳ್ಳಬಾರದು. ಬೈಸಿಕೊಂಡವರು ಬದಲು ಹೇಳದೆ ಎಲೆ ಬಿಟ್ಟು ಏಳಬಾರದು. ಜಲಜಾಕ್ಷಮ್ಮನವರ ಸೋದರತ್ತೆ ಹನುಮಕ್ಕ ಎಂಬ ಮುದುಕಿ, ಹಲ್ಲಿಲ್ಲದ ಬಾಯಲ್ಲಿ ಎತ್ತಿಕೊಂಡರು:

ಬೀಗರು ಬಂದಾರೆ ಬೆಂಗ್ಳೂರ ಬೀಗರು
ಕರಿಯ ಕನ್ನಡಕದ ಬೀಗರು
ದಾರಿಯ ಕೇಳದೆ ನೆಟ್ಟಗೆ ಬಂದಾರೆ
ಮೊದಲೆಷ್ಟು ಸಲ ಬಂದ್ರೋ ಬೀಗರು

ಚಪ್ಪರವೆಲ್ಲ ನಕ್ಕಿತು. ನಾರಾಯಣಪ್ಪನವರು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು. ಹಾಡು ಮುಂದುವರಿದು ನಾಣಿಯ ಹೊಟ್ಟೆಗೆ ಬಂತು, ಬೋಳುತಲೆಗೆ ಬಂತು, ನನ್ನ ನಾಲಿಗೆಗೂ ಬಂತು. ನಾವೂ ನಕ್ಕೆವು. ಮುದುಕಿ ನಿಲ್ಲಿಸಿ, "ಎಲ್ಲಿ, ಹೆಣ್ಣಿನ ಕಡೆಯೋರು ಬದಲು ಹೇಳ್ರಮ್ಮಾ" ಎಂದರು.

ಸೀತಾ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಬೆಂಗಳೂರಿಗೆ ಬಂದ ಮೇಲೆ ನಾವು ಹಾಡು ರೇಡಿಯೋಗೆ ಬಿಟ್ಟುಬಿಟ್ಟಿದ್ದೆವು. ಒಂದು ಸಾಲೂ ಬಾಯಿಗೆ ಬರಲಿಲ್ಲ. ಆಗ ನಾಣಿ ಎಡಗೈಯಲ್ಲಿ ಪಂಚೆ ಸರಿಮಾಡಿಕೊಂಡು ಎದ್ದುನಿಂತ. ಕೂತ್ಕೊಳೋ ಎಂದು ಸನ್ನೆ ಮಾಡಿದೆ. ಅವನು ನನ್ನ ಕಡೆ ನೋಡಲೇ ಇಲ್ಲ.

ಮ್ಯಾನೇಜರನ್ನು ತಂದ, ರಾಮರಾಯರನ್ನು ತಂದ. ಆಶ್ಚರ್ಯವೆಂದರೆ ಊರಿನವರು ನಕ್ಕರು. ನಮ್ಮವರಿಗಿಂತ ಜೋರಾಗಿ ನಕ್ಕರು. ವೆಂಕಟಗಿರಿಯಪ್ಪನವರಂತೂ ತೊಡೆ ತಟ್ಟಿಕೊಂಡು, "ನಮ್ಮ ಹೋಟೆಲಲ್ಲಿ ರಾಮರಾಯರು ಕಾಫಿಗೂ ಬರ್ತಾರೆ ಬೀಗರೇ" ಎಂದರು. ಕಟ್ಟುಪಾಡು ಅಷ್ಟೇ, ಹಾಸ್ಯಕ್ಕೆ ಹಾಸ್ಯ. ಅಲ್ಲಿಗೆ ನಿಲ್ಲಿಸಿದ್ದರೆ ನಮ್ಮ ನಾಣಿ ಊರಿಗೇ ಪ್ರೀತಿಯ ಬೀಗನಾಗುತ್ತಿದ್ದ. ಆದರೆ ನಗು ಅವನ ತಲೆಗೆ ಏರಿತ್ತು. ಗಂಡಸರಷ್ಟೇ ಇದ್ದಾಗ ಹೇಳುತ್ತಿದ್ದುದನ್ನು ಎತ್ತಿಕೊಂಡ.

"ಇನ್ನೊಂದಿದೆ ಕೇಳಿ. ಈ ಮಂಜಿನಬೆಟ್ಟದ ಬಸ್ ಸ್ಟ್ಯಾಂಡಲ್ಲಿ ತಾಳಿ ಬಾಡಿಗೆಗೆ ಸಿಗುತ್ತಂತೆ. ಜೋಡಿ ಇಳಿದ ತಕ್ಷಣ ಕಟ್ಟಿಸ್ಕೊಂಡು ಲಾಡ್ಜಿಗೆ ಹೋಗೋದು, ಬರ್ತಾ ವಾಪಸ್ಸು ಕೊಡೋದು. ಒಬ್ಬ ಕೊಡೋದು ಮರೆತು ಜೇಬಲ್ಲಿಟ್ಕೊಂಡೇ ಮನೆಗೆ ಹೋಗ್ಬಿಟ್ಟನಂತೆ, ಹೆಂಡ್ತಿ ಪೋಣಿಸೋಕೆ ಬಿಚ್ಚಿಟ್ಟಿದ್ದ ತಾಳಿ ಪಕ್ಕಾನೇ ಇಟ್ಟನಂತೆ. ಮಾರನೇ ದಿನ ಓಡಿ ಬಂದು ಕೊಟ್ರೆ ಅಂಗಡಿಯೋನು ಉಜ್ಜಿ ನೋಡಿ, ಇದು ನಮ್ದಲ್ಲ ಸಾರ್, ಇದು ಅಸಲಿ ಚಿನ್ನ, ನಮ್ದು ನಿಮ್ಮ ಹೆಂಡ್ತಿ ಕೊರಳಲ್ಲಿರ್ಬೇಕು ನೋಡಿ ಅಂದನಂತೆ!"

ನಮ್ಮ ಬಸ್ಸಿನ ಗಂಡಸರು ಹೋ ಎಂದು ನಕ್ಕರು. ಅವರು ಮಾತ್ರ ನಕ್ಕರು. ಜಲಜಾಕ್ಷಮ್ಮನವರು ಕೈಯಲ್ಲಿದ್ದ ಪಾಯಸದ ಸೌಟನ್ನು ಪಾತ್ರೆಗೆ ಇಳಿಸಿದರು. ಊರಿನ ಹೆಂಗಸರು ಸೆರಗು ಹೊದ್ದುಕೊಂಡು ನೆಲ ನೋಡಿದರು. ಕಟ್ಟುಪಾಡಿನ ಪ್ರಕಾರ ಅವರು ಕೋಪ ಮಾಡಿಕೊಳ್ಳುವಂತಿರಲಿಲ್ಲ. ಜಗನ್ನಾಥನ ಮುಖ ಹಾಸ್ಟೆಲಿನ ಕಥೆ ಹೇಳಿದ ದಿನದಂತೆಯೇ ಆಗಿತ್ತು. ನನಗೆ ನಾಣಿಯ ಮೇಲೆ ಬಂದ ಸಿಟ್ಟಿಗೆ ಎದುರಿಗಿದ್ದ ನೀರಿನ ಲೋಟ ಎತ್ತಿ ಎಸೆಯಬೇಕೆನಿಸಿತು. ಮುಗಿಯಿತು ಮಗಳ ಬಾಳು ಎಂದುಕೊಂಡೆ.

ಪ್ರಭಾ ತುಪ್ಪದ ಗಿಂಡಿಯನ್ನು ಕೆಳಗಿಟ್ಟಳು. ನಮ್ಮಲ್ಲಿ ಮದುಮಗಳ ಕೊರಳಿಗೆ ಎರಡು ತಾಳಿ ಕಟ್ಟುತ್ತಾರೆ, ತವರಿನದೊಂದು, ಗಂಡನ ಮನೆಯದೊಂದು. ಅವಳು ಎರಡನ್ನೂ ಸೆರಗಿನಿಂದ ಹೊರಗೆ ತೆಗೆದು ಅಂಗೈಯಲ್ಲಿ ಇಟ್ಟುಕೊಂಡು ಅಪ್ಪನ ಎಲೆಯ ಮುಂದೆ ಬಂದು ನಿಂತಳು.

"ಅಪ್ಪಾ, ಒಂದು ಇವರು ಮಾಡಿಸಿದ್ದು, ಒಂದು ನೀವು ಮಾಡಿಸಿದ್ದು. ಇದರಲ್ಲಿ ಬಾಡಿಗೇದು ಯಾವುದು?"

ನಾಣಿ ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. ಅವರದ್ದು ಎನ್ನುವಂತಿಲ್ಲ, ತನ್ನದು ಎನ್ನುವಂತೆಯೂ ಇಲ್ಲ. ಹನುಮಕ್ಕನವರೇ ಮೊದಲು ಕಿಲಕ್ಕೆಂದದ್ದು. "ಅಯ್ಯೋ ನನ್ನಮ್ಮಾ! ಹಾಡೇ ಇಲ್ದೆ ಬದಲು ಹೇಳ್ಬಿಟ್ಲಲ್ರೇ! ಜಲಜಾ, ಇವಳು ಬೆಂಗ್ಳೂರೋಳಲ್ಲ ಕಣೇ, ನಮ್ಮೋಳು!" ಜಲಜಾಕ್ಷಮ್ಮ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು, ವೆಂಕಟಗಿರಿಯಪ್ಪನವರು ನಕ್ಕರು, ಊರಿಗೆ ಊರೇ ನಕ್ಕಿತು. ಒಬ್ಬ ಹೆಂಗಸು ಪ್ರಭಾಳ ಕೆನ್ನೆ ಹಿಂಡಿ ದೃಷ್ಟಿ ತೆಗೆದಳು. ಜಗನ್ನಾಥ ತಲೆಯೆತ್ತಿ ಹೆಂಡತಿಯನ್ನು ನೋಡಿದ. ಕೊನೆಗೆ ಪ್ರಭಾಳೂ ನಕ್ಕಳು, ಅತ್ತೆಯ ಭುಜ ಹಿಡಿದುಕೊಂಡು, ಅಪ್ಪನ ಕಡೆಗೇ ನೋಡುತ್ತಾ. ನಾನು ಎರಡು ಲೋಟ ಪಾಯಸ ಕುಡಿದೆ.

ನಾಣಿ ಎಲೆಯ ಮುಂದೆ ಕೂತ. ಪಾಯಸ ಮುಟ್ಟಲಿಲ್ಲ. ಹೊರಡುವಾಗ ಬೀಗರು ಫಲತಾಂಬೂಲ ಕೊಟ್ಟು, "ಮುಂದಿನ ಸಲ ಬಂದ್ರೆ ಲಾಡ್ಜಿಗೆ ಹೋಗ್ಬೇಡಿ, ನಮ್ಮನೇಲೇ ರೂಮಿದೆ" ಎಂದು ಹಾಸ್ಯ ಮಾಡಿದರು. ಎಲ್ಲರೂ ಮತ್ತೆ ನಕ್ಕರು. ಇವನು ಕೈಮುಗಿದ, ಅಷ್ಟೇ.

ಬಸ್ಸಿನಲ್ಲಿ ನನ್ನ ಪಕ್ಕದಲ್ಲಿ ಬಂದು ಕುಳಿತ. ಹಿಂದಿನ ಸೀಟಿನಲ್ಲಿ ಯಾರೋ "ಬಾಡಿಗೇದು ಯಾವುದು" ಎಂದು ಪ್ರಭಾಳ ಹಾಗೆ ದನಿ ಮಾಡಿ ಹೇಳಿದರು, ಬಸ್ಸೆಲ್ಲ ಗೊಳ್ಳೆಂದಿತು. ನಾಳೆ ಇದು ನಾಲ್ಕನೇ ಬ್ಲಾಕಿಗೆಲ್ಲ ಹಬ್ಬುತ್ತದೆ, ನಾಣಿಗೂ ಗೊತ್ತು. ಕೆಂಗೇರಿಯ ಹತ್ತಿರ ಬರುತ್ತಿದ್ದಂತೆ ನನ್ನ ಕಡೆ ತಿರುಗಿದ. ಕಣ್ಣು ಕೆಂಪಾಗಿತ್ತು.

"ಬೇರೆಯೋರು ನಗಲಿ ಬಿಡಕ್ಕ. ಪ್ರಭಾನೂ ನಕ್ಕಳಲ್ಲ. ಹೇಳು ನೀನೇ, ಅದರಲ್ಲಿ ನಗೋಂಥದ್ದೇನಿತ್ತು?"

"ಆ ಊರೋರು ಇಷ್ಟು ವರ್ಷದಿಂದ ಅದನ್ನೇ ಕೇಳ್ತಾ ಇದಾರೆ ಕಣೋ ನಾಣಿ," ಎಂದೆ.